ಪುಟ್ಟ ಗುಬ್ಬಿಯ ಕೊರಳು

ಹಾಡುವ ಹೆಂಗಸನ್ನು ಮೆಚ್ಚುವಾಗ ಲೋಕ ಮೊದಲು ಅವಳ ಕಂಠವನ್ನು ಮೆಚ್ಚುತ್ತದೆ. ಆಮೇಲೆ ರೂಪ, ಆಮೇಲೆ ಸಂಸಾರದ ಸುದ್ದಿ. ಅವಳು ಹಾಡುತ್ತಿರುವ ಮಾತು ಯಾರದು, ಧಾಟಿ ಕೂಡಿಸಿದವರು ಯಾರು ಎಂದು ವಿಚಾರಿಸುವವರು ಕಡಿಮೆ. ಅವೆರಡೂ ಅವಳವೇ ಆಗಿದ್ದಾಗಲೂ ಅವಳನ್ನು 'ಗಾಯಕಿ' ಎಂದು ಕರೆದು ಸುಮ್ಮನಾಗುತ್ತೇವೆ. 'ಕವಿ' ಎನ್ನುವುದಕ್ಕೆ ನಮಗೆ ಸಂಕೋಚ. ಅದರಲ್ಲೂ ಅವಳು ಪ್ರೇಮ, ವಿರಹ, ಕಣ್ಣೀರುಗಳನ್ನು ಹಾಡಿದವಳಾದರೆ ವಿಮರ್ಶಕರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಅಳುವ ಹಾಡು ಹೆಂಗಸರಿಗೆ, ಚಿಂತನೆಯ ಹಾಡು ಗಂಡಸರಿಗೆ ಎಂಬ ಪಾಲುಪಟ್ಟಿ ಎಲ್ಲ ದೇಶಗಳಲ್ಲೂ ಇರುವಂತೆ ಕಾಣುತ್ತದೆ.

ತುರ್ಕಿ ದೇಶದ ಸೆಜೆನ್ ಅಕ್ಸು ಈ ಪಾಲುಪಟ್ಟಿಯನ್ನು ಹರಿದು ಹಾಕಿದವಳು. ಜಗಳಕ್ಕೆ ನಿಂತು ಹರಿದವಳಲ್ಲ, ಅಳುತ್ತಲೇ ಹರಿದವಳು. ಆಕೆಯನ್ನು ಅಲ್ಲಿಯ ಜನ 'ಮಿನಿಕ್ ಸೆರ್ಚೆ', ಅಂದರೆ ಪುಟ್ಟ ಗುಬ್ಬಿ, ಎಂದು ಮುದ್ದಿನಿಂದ ಕರೆಯುತ್ತಾರೆ. 1978ರಲ್ಲಿ ಆಕೆಯ 'ಸೆರ್ಚೆ' ಎಂಬ ಧ್ವನಿಮುದ್ರಿಕೆ ಬಂದಿತು, ಆಕೆಯೇ ನಟಿಸಿದ ಒಂದು ಚಲನಚಿತ್ರಕ್ಕೂ 'ಮಿನಿಕ್ ಸೆರ್ಚೆ' ಎಂಬ ಹೆಸರಿತ್ತು. ಫ್ರಾನ್ಸಿನ ಎದಿತ್ ಪಿಯಾಫ್‌ಗೂ ಗುಬ್ಬಿ ಎಂಬ ಹೆಸರೇ ಅಂಟಿಕೊಂಡಿತ್ತು. ಕುಳ್ಳಗಿನ ಹೆಂಗಸು ದೊಡ್ಡ ದನಿಯಲ್ಲಿ ಹಾಡಿದರೆ ಗಂಡಸರಿಗೆ ಗುಬ್ಬಿಯೇ ನೆನಪಾಗುತ್ತದೆಯೋ ಏನೋ. ಹೆಸರಿನಲ್ಲಿ ಪ್ರೀತಿಯಿದೆ ನಿಜ. ಆದರೆ ಗುಬ್ಬಿ ಎಂದವರು ಅದರ ಚಿಲಿಪಿಲಿಯನ್ನು ಕೇಳಿ ಸಂತೋಷಪಡುತ್ತಾರೆ, ಅದು ಏನು ಹೇಳುತ್ತಿದೆ ಎಂದು ಕಿವಿಗೊಡುವುದಿಲ್ಲ. ಸೆಜೆನ್ ಏನು ಹೇಳಿದಳು ಎಂಬುದನ್ನು ನೋಡುವುದಷ್ಟೇ ಈ ಬರಹದ ಉದ್ದೇಶ.

ತುರ್ಕಿ ಭಾಷೆ ಬಾರದ ನಾವು ಆ ಹಾಡುಗಳ ಬಗ್ಗೆ ಮಾತನಾಡುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಅನುವಾದಗಳಿವೆ, ಅವನ್ನು ಮುಂದಿಟ್ಟುಕೊಂಡು ನಿಧಾನವಾಗಿ ಕೇಳಿದರೆ ಆ ಭಾಷೆ ನಾವು ಅಂದುಕೊಂಡಷ್ಟು ದೂರದ್ದಲ್ಲ. ಅರಬ್ಬಿ, ಪಾರಸಿಗಳಿಂದ ತುರ್ಕಿಗೆ ಹೋದ ಎಷ್ಟೋ ಮಾತುಗಳು ಬೇರೆ ದಾರಿಯಿಂದ ಕನ್ನಡಕ್ಕೂ ಬಂದಿವೆ. ನಾವು ದುನಿಯಾ ಎನ್ನುವುದನ್ನು ಅವರು ದ್ಯುನ್ಯಾ ಎನ್ನುತ್ತಾರೆ. ನಮ್ಮ ಹವಾ ಅಲ್ಲಿಯೂ ಹವಾ, ನಮ್ಮ ಜವಾಬು ಅಲ್ಲಿ ಜೆವಾಪ್, ನಮ್ಮ ಪರದೆ ಅಲ್ಲಿ ಪೆರ್ದೆ. ವಾಕ್ಯದ ಕಟ್ಟೋಣವೂ ನಮಗೆ ಪರಿಚಿತ. ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯಗಳು ಒಂದರ ಬಾಲಕ್ಕೆ ಒಂದು ಅಂಟಿಕೊಳ್ಳುತ್ತವೆ. ಕನ್ನಡ ವ್ಯಾಕರಣ ಕಲಿಸಿದವರಿಗೆ ಇದೊಂದು ಸಣ್ಣ ಹಬ್ಬ.

ಒಂದು ಭೇದ ಮಾತ್ರ ಮುಖ್ಯವಾದದ್ದು. ತುರ್ಕಿಯಲ್ಲಿ ಅವನು, ಅವಳು, ಅದು ಎಲ್ಲಕ್ಕೂ 'ಓ' ಎಂಬ ಒಂದೇ ಸರ್ವನಾಮ. ಕ್ರಿಯಾಪದಕ್ಕೂ ಲಿಂಗವಿಲ್ಲ. 'ಹೋದನು', 'ಹೋದಳು' ಎಂದು ನಾವು ಬಾಯಿಬಿಟ್ಟ ಕೂಡಲೇ ಹೋದವರು ಗಂಡೋ ಹೆಣ್ಣೋ ಗೊತ್ತಾಗಿಬಿಡುತ್ತದೆ. ಅಲ್ಲಿ ಹಾಗಿಲ್ಲ. ಹೀಗಾಗಿ ಸೆಜೆನ್ ಬರೆದ ವಿರಹದ ಹಾಡನ್ನು ಗಂಡಸೊಬ್ಬ ಒಂದಕ್ಷರ ಬದಲಿಸದೆ ತನ್ನದೆಂದು ಹಾಡಿಕೊಳ್ಳಬಹುದು, ಹಾಡಿಕೊಂಡಿದ್ದಾರೆ ಕೂಡ. ಹೆಣ್ಣಿನ ದುಃಖ ಗಂಡಿನ ಬಾಯಲ್ಲಿ ತುಂಬಿಕೊಳ್ಳುವ ಈ ಅನುಕೂಲವನ್ನು ಭಾಷೆ ಎಲ್ಲರಿಗೂ ಕೊಟ್ಟಿತ್ತು. ಪೂರ್ತಿಯಾಗಿ ಬಳಸಿಕೊಂಡವಳು ಸೆಜೆನ್.

ಸೆಜೆನ್ ಹುಟ್ಟಿದ್ದು 1954ರ ಜುಲೈ 13ರಂದು, ಪಶ್ಚಿಮ ತುರ್ಕಿಯ ಡೆನಿಜ್ಲಿ ಪ್ರಾಂತದ ಸರಾಯ್‌ಕೊಯ್ ಎಂಬ ಊರಲ್ಲಿ. ಇನ್ನೂ ಪುಟ್ಟವಳಿರುವಾಗಲೇ ಮನೆಯವರು ಇಜ್ಮಿರ್ ಪ್ರಾಂತದ ಬೆರ್ಗಾಮಾಕ್ಕೆ ಬಂದರು. ಇದು ಹಿಂದಿನ ಪೆರ್ಗಮಮ್. ಬರೆಯಲು ಬಳಸುತ್ತಿದ್ದ ಹದಮಾಡಿದ ತೊಗಲಿಗೆ ಯುರೋಪಿನ ಭಾಷೆಗಳಲ್ಲಿ ಈ ಊರಿನ ಹೆಸರೇ ನಿಂತಿದೆ. ತಂದೆ ಗಣಿತದ ಮೇಷ್ಟ್ರು, ತಾಯಿ ವಿಜ್ಞಾನದ ಟೀಚರು. ಮಗಳು ಡಾಕ್ಟರೋ ಇಂಜಿನಿಯರೋ ಆಗಬೇಕು, ನಾಲ್ಕು ಜನರೆದುರು ಗೌರವದಿಂದ ಬಾಳಬೇಕು ಎಂದು ಅವರ ಆಸೆ. ಹಾಡುವುದು ಮರ್ಯಾದಸ್ಥರ ಕಸುಬಲ್ಲ. ಆದ್ದರಿಂದ ಅಪ್ಪ ಅಮ್ಮ ಶಾಲೆಗೆ ಹೊರಬಿದ್ದ ಮೇಲೆ ಮಗಳ ಹಾಡು ಶುರುವಾಗುತ್ತಿತ್ತು.

ಇದನ್ನು ಓದಿದಾಗ ನನಗೆ ಆ ತಾಯಿತಂದೆಯರ ಮೇಲೆ ಸಿಟ್ಟು ಬರಲಿಲ್ಲ. ಶಿಕ್ಷಕರ ಮನೆಯ ಲೆಕ್ಕಾಚಾರ ನನಗೆ ಗೊತ್ತು. ಬೇರೆಯವರ ಮಕ್ಕಳು ದಾರಿ ತಪ್ಪಿದ್ದನ್ನು ದಿನಾ ಕಾಣುವವರು ತಮ್ಮ ಮಕ್ಕಳಿಗೆ ಬೇಲಿಯನ್ನು ಸ್ವಲ್ಪ ಎತ್ತರವಾಗಿಯೇ ಹಾಕುತ್ತಾರೆ. ಆದರೆ ಒಂದು ಮಾತು. ಮನೆಯಲ್ಲಿ ಯಾರೂ ಇಲ್ಲದಾಗ ಹಾಡಿ ಕಲಿತವಳಿಗೆ ಒಂಟಿತನದ ಕಿವಿ ಬರುತ್ತದೆ. ಸಭೆ ಇಲ್ಲದ ಕಡೆ ಹಾಡುವವರು ಯಾರನ್ನೂ ಮೆಚ್ಚಿಸುವುದಿಲ್ಲ, ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಸೆಜೆನ್‌ಳ ಹಾಡುಗಳಲ್ಲಿ ಕೊನೆಯವರೆಗೂ ಉಳಿದದ್ದು ಈ ಗುಣವೇ. ಸಾವಿರಾರು ಜನರ ಮುಂದೆ ನಿಂತರೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಾಡಿಕೊಳ್ಳುತ್ತಿರುವಂತೆ ಕೇಳಿಸುತ್ತದೆ.

ಇಜ್ಮಿರ್‌ನಲ್ಲಿ ಕೃಷಿ ಕಾಲೇಜು ಸೇರಿ, ಅದನ್ನು ಅರ್ಧಕ್ಕೇ ಬಿಟ್ಟು ಸಂಗೀತದ ಬೆನ್ನು ಹತ್ತಿದಳು. 1975ರಲ್ಲಿ 'ಸೆಜೆನ್ ಸೆಲೆಯ್' ಎಂಬ ಹೆಸರಿನಲ್ಲಿ ಬಂದ ಮೊದಲ ರೆಕಾರ್ಡು ಯಾರ ಕಿವಿಗೂ ಬೀಳಲಿಲ್ಲ. ಮರುವರ್ಷ ಸೆಜೆನ್ ಅಕ್ಸು ಎಂಬ ಹೆಸರಿನಲ್ಲಿ ಬಂದ 'ಓಲ್ಮಾಜ್ ಓಲ್ಸುನ್' ಗೆದ್ದಿತು. ಅಕ್ಸು ಎಂಬುದು ಮದುವೆಯಿಂದ ಬಂದ ಹೆಸರು. ಆ ಮದುವೆ ಬೇಗನೆ ಮುರಿಯಿತು, ಹೆಸರು ಉಳಿಯಿತು. ಆಮೇಲಿನ ಮದುವೆಗಳೂ ಮುರಿದವು. ಪತ್ರಿಕೆಗಳು ಅವನ್ನೆಲ್ಲ ರುಚಿಕಟ್ಟಾಗಿ ಬರೆದವು. ನಮಗೆ ಅದರ ಗೊಡವೆ ಬೇಡ. ಗಂಡನ ಮನೆಯಿಂದ ಬಂದ ಹೆಸರನ್ನು ಹೆಂಡತಿ ದುಡಿದು ತನ್ನ ಸ್ವಯಾರ್ಜಿತ ಆಸ್ತಿ ಮಾಡಿಕೊಂಡಳು ಎಂಬುದಷ್ಟು ಸಾಕು.

ಆಗಿನ ತುರ್ಕಿ ಸಂಗೀತದ ಪರಿಸ್ಥಿತಿ ಗೊತ್ತಿಲ್ಲದೆ ಈಕೆಯ ಕೆಲಸದ ತೂಕ ತಿಳಿಯುವುದಿಲ್ಲ. 1960ರ ದಶಕದಿಂದ ಅಲ್ಲಿ 'ಅರಾಂಜ್‌ಮಾನ್' ಎಂಬ ಪದ್ಧತಿ ಬೆಳೆದಿತ್ತು. ಫ್ರೆಂಚ್, ಇಟಾಲಿಯನ್ ಹಾಡುಗಳ ಧಾಟಿ ತೆಗೆದುಕೊಂಡು ಅದಕ್ಕೆ ತುರ್ಕಿ ಮಾತು ಹೊಂದಿಸುವುದು. ನಗರದ ಓದಿದ ಜನಕ್ಕೆ ಅದೇ ನಾಗರಿಕತೆ. ಇನ್ನೊಂದು ಕಡೆ ಹಳ್ಳಿ ಬಿಟ್ಟು ನಗರದ ಅಂಚಿನ ಗುಡಿಸಲುಗಳಿಗೆ ಬಂದ ಬಡವರ ಹಾಡು, 'ಅರಬೆಸ್ಕ್'. ಅರಬ್ಬಿ ಛಾಯೆಯ ತಂತಿವಾದ್ಯಗಳು, ವಿಧಿಯನ್ನು ಶಪಿಸುವ ಮಾತು, ಧಾರಾಳ ಕಣ್ಣೀರು. ಓರ್ಹಾನ್ ಗೆನ್ಜೆಬಾಯ್ ಇದರ ದೊಡ್ಡ ಹೆಸರು. ಸರ್ಕಾರಿ ಆಕಾಶವಾಣಿ, ದೂರದರ್ಶನಗಳಲ್ಲಿ ಅರಬೆಸ್ಕ್‌ಗೆ ಪ್ರವೇಶವಿರಲಿಲ್ಲ. ಆಧುನಿಕ ದೇಶಕ್ಕೆ ಇಂಥ ಗೋಳು ಶೋಭಿಸದು ಎಂದು ದೊಡ್ಡವರ ಅಭಿಪ್ರಾಯ. ಅಧಿಕಾರಿಗಳು ಬೇಡವೆಂದರೂ ಮಿನಿಬಸ್ಸುಗಳ ಟೇಪ್ ರೆಕಾರ್ಡರುಗಳಲ್ಲಿ ಅದು ಊರೆಲ್ಲ ಸುತ್ತುತ್ತಿತ್ತು. ಹೀಗೆ ನಗುವವರಿಗೆ ಒಂದು ಸಂಗೀತ, ಅಳುವವರಿಗೆ ಇನ್ನೊಂದು.

ಸೆಜೆನ್ ಈ ಎರಡರ ನಡುವೆ ಕಾಲುದಾರಿ ಹಿಡಿದಳು. ತುರ್ಕಿ ಶಾಸ್ತ್ರೀಯ ಸಂಗೀತಕ್ಕೆ 'ಮಕಾಮ್' ಎಂಬ ರಾಗಪದ್ಧತಿಯಿದೆ. ಪಿಯಾನೊದ ಎರಡು ಮನೆಗಳ ನಡುವೆ ಸಿಗದ ಸೂಕ್ಷ್ಮ ಸ್ವರಗಳು ಅದರಲ್ಲಿ ಉಂಟು. ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಆ ಎಳೆತ, ಆ ಜಾರು ತಕ್ಷಣ ಹತ್ತಿರವೆನಿಸುತ್ತದೆ. ಈಕೆ ಹಿಂದೆ ಪಾಶ್ಚಾತ್ಯ ವಾದ್ಯಗಳನ್ನು ಇಟ್ಟುಕೊಂಡು ಮುಂದೆ ತನ್ನ ಕೊರಳಿನಲ್ಲಿ ಮಕಾಮಿನ ಜಾರನ್ನು ಉಳಿಸಿಕೊಂಡಳು. ಸಾಲಿನ ಕೊನೆಯಲ್ಲಿ ಸ್ವರ ಸ್ವಲ್ಪ ಸೀಳಿದಂತಾಗಿ, ಅಲ್ಲೇ ತಡೆದು ನಿಲ್ಲುತ್ತದೆ. ಅಳು ಬಂದು ನುಂಗಿಕೊಂಡ ಹೆಂಗಸಿನ ಮಾತಿನ ಹಾಗೆ. ಅರಬೆಸ್ಕ್ ಗಾಯಕರು ಅಳುವನ್ನು ಪೂರ್ತಿ ಸುರಿಸುತ್ತಿದ್ದರು, ಅರಾಂಜ್‌ಮಾನ್ ಗಾಯಕರು ಅದನ್ನು ಒರೆಸಿಕೊಂಡು ಬರುತ್ತಿದ್ದರು. ನುಂಗಿಕೊಂಡ ಅಳುವನ್ನು ತಂದವಳು ಈಕೆ. ಗೃಹಿಣಿಯರಿಗೂ ಕಾಲೇಜು ಹುಡುಗಿಯರಿಗೂ ಅದು ತಮ್ಮದೆನಿಸಿದ್ದರಲ್ಲಿ ಆಶ್ಚರ್ಯವೇನು?

ಆಕೆಗೆ ಇಬ್ಬರು ದೊಡ್ಡ ಜತೆಗಾರರು ಸಿಕ್ಕರು. ಒಬ್ಬಾಕೆ ಐಸೆಲ್ ಗ್ಯುರೆಲ್, 1929ರಲ್ಲಿ ಹುಟ್ಟಿದ ಗೀತರಚನಕಾರ್ತಿ. ಮುಪ್ಪಿನಲ್ಲೂ ಬಣ್ಣಬಣ್ಣದ ಕೂದಲು, ವಿಚಿತ್ರ ಉಡುಪುಗಳಿಂದ ಊರಿನ ಹುಬ್ಬೇರಿಸುತ್ತಿದ್ದವಳು. 2008ರಲ್ಲಿ ತೀರಿಕೊಂಡಳು. 1982ರ ಪ್ರಸಿದ್ಧ ಹಾಡು 'ಫಿರೂಜೆ'ಗೆ ಮಾತು ಬರೆದವಳು ಈಕೆಯೇ. ಚೆಲುವು ಮಾಸುವುದನ್ನು ಕುರಿತು ಹೆಣ್ಣೊಬ್ಬಳು ಹೆಣ್ಣೊಬ್ಬಳಿಗೆ ಹೇಳುವ ಆ ಮಾತಿನಲ್ಲಿ ಮತ್ಸರವೂ ಇಲ್ಲ, ಉಪದೇಶವೂ ಇಲ್ಲ. ಇನ್ನೊಬ್ಬ ಓನ್ನೊ ತುಂಚ್, 1948ರಲ್ಲಿ ಹುಟ್ಟಿದ ಇಸ್ತಾಂಬುಲಿನ ಆರ್ಮೇನಿಯನ್, ಬೇಸ್ ಗಿಟಾರ್ ವಾದಕ, ಸಂಗೀತ ಸಂಯೋಜಕ. ಓನ್ನೊ ಜತೆಗಿನ ಒಡನಾಟದಲ್ಲಿ 1984ರಲ್ಲಿ 'ಸೆನ್ ಆಲಾಮಾ' ಬಂದಿತು. ಹಾಗೆಂದರೆ 'ನೀನು ಅಳಬೇಡ'. 1980ರ ಸೆಪ್ಟೆಂಬರ್ 12ರಂದು ಸೈನ್ಯ ಅಧಿಕಾರ ಹಿಡಿದು, ಜೈಲುಗಳು ತುಂಬಿ, ಜನ ಬಾಯಿ ಬಿಡಲು ಹೆದರುತ್ತಿದ್ದ ದಿನಗಳ ಬೆನ್ನಿಗೇ ಬಂದ ಹಾಡು. ಅದರಲ್ಲಿ ರಾಜಕೀಯದ ಒಂದು ಮಾತೂ ಇಲ್ಲ, ಪ್ರೇಮದ ಹಾಡು ಅದು. ಆದರೆ ಅಳಬೇಡ ಎಂಬ ಮಾತನ್ನು ಕಾಯುತ್ತಿದ್ದ ಮನೆಗಳು ಆಗ ಎಷ್ಟಿದ್ದವೋ.

1986ರ 'ಗಿತ್' ಎಂಬ ಹಾಡನ್ನು ನೋಡಿ. 'ಗಿತ್' ಎಂದರೆ ಹೋಗು. ಹೊರಟು ನಿಂತವನಿಗೆ ಧೈರ್ಯವಾಗಿ ಹೋಗೆಂದು ಹೇಳುತ್ತಾ ಬರುವ ಹೆಂಗಸು ಕೊನೆಗೆ ಒಮ್ಮೆಲೇ 'ಗಿತ್ಮೆ' ಎಂದುಬಿಡುತ್ತಾಳೆ, ಹೋಗಬೇಡ. ಈವರೆಗೆ ಆಡಿದ್ದು ಸುಳ್ಳೆಂದು ಒಪ್ಪಿಕೊಳ್ಳುತ್ತಾಳೆ. ತುರ್ಕಿಯಲ್ಲಿ ಹೋಗು, ಹೋಗಬೇಡಗಳ ನಡುವೆ ಇರುವುದು 'ಮೆ' ಎಂಬ ಒಂದೇ ಅಕ್ಷರ. ಇಡೀ ಹಾಡಿನ ಸ್ವಾಭಿಮಾನ ಆ ಒಂದಕ್ಷರದ ಮೇಲೆ ಕುಸಿದು ಬೀಳುತ್ತದೆ. ಇಂಥದ್ದನ್ನು ಕಾವ್ಯವೆನ್ನದೆ ಇನ್ನೇನೆನ್ನಬೇಕು? ಹೆಣ್ಣು ಹೀಗೆ ಸೋಲಬಾರದು, ಗಟ್ಟಿಯಾಗಿ ನಿಲ್ಲಬೇಕಿತ್ತು ಎಂದು ಹೇಳುವವರಿದ್ದಾರೆ. ಹೇಳಲಿ. ಮಾದರಿ ಹೆಂಗಸರನ್ನು ತೋರಿಸುವುದಕ್ಕೆ ಪಠ್ಯಪುಸ್ತಕಗಳಿವೆ. ಹಾಡು ಇರುವುದು ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೆ.

ಅದೇ 1986ರಲ್ಲಿ ಬಂದ 'ಉನ್ಜಿಲೆ' ಎಂಬ ಹಾಡು ಬೇರೆಯೇ ಜಾತಿಯದು. ಮಾತು ಐಸೆಲ್ ಗ್ಯುರೆಲ್‌ಳದು, ಸಂಗೀತ ಓನ್ನೊ ತುಂಚ್‌ನದು. ಉನ್ಜಿಲೆ ಎಂಬುದು ಒಬ್ಬ ಹಳ್ಳಿಯ ಹುಡುಗಿಯ ಹೆಸರು. ಹನ್ನೆರಡಕ್ಕೇ ತಾಯಿಯಾದ ಹುಡುಗಿ, ಮಗುವೂ ಅವಳೇ ಹೆಂಗಸೂ ಅವಳೇ. ತೆರ ಕೊಟ್ಟು ಹೆಣ್ಣು ತರುವ ಪದ್ಧತಿ ಅನಾತೋಲಿಯಾದ ಹಳ್ಳಿಗಳಲ್ಲಿತ್ತು. ಈ ಹುಡುಗಿಯ ಬೆಲೆ ಎಷ್ಟು ಕುರಿ ಎಂಬ ಪ್ರಶ್ನೆ ಹಾಡಿನಲ್ಲಿ ಸಂತೆಯ ಮಾತಿನಂತೆ ಸಲೀಸಾಗಿ ಬಂದುಹೋಗುತ್ತದೆ. ಅವಳ ಪಾಲಿಗೆ ಊರಿನ ಕೊನೆಯ ಬೇಲಿಯೇ ಲೋಕದ ಕೊನೆ.

ತುರ್ಕಿ ದೇಶ 1926ರಲ್ಲೇ ಹೊಸ ನಾಗರಿಕ ಸಂಹಿತೆ ತಂದು ಬಹುಪತ್ನಿತ್ವವನ್ನು ರದ್ದು ಮಾಡಿ ಹುಡುಗಿಯರ ಮದುವೆಗೆ 17 ವರ್ಷವೆಂದು ವಯಸ್ಸು ಕಟ್ಟಿತ್ತು. 1938ರಲ್ಲಿ ಅದನ್ನು 15ಕ್ಕೆ ಇಳಿಸಿದರು. ಮತ್ತೆ ಅದು 17ಕ್ಕೆ ಏರಿದ್ದು 2002ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಿಂದ. ಕಾನೂನು ಏರುತ್ತ ಇಳಿಯುತ್ತ ಇದ್ದಾಗ ಹಳ್ಳಿಗಳಲ್ಲಿ ಅದನ್ನು ಕೇಳುವವರಿರಲಿಲ್ಲ. ಈ ಸಂಗತಿಯನ್ನು ಭಾಷಣ ಮಾಡಿ ಹೇಳಬಹುದಿತ್ತು. ಹಾಡಿನಲ್ಲಿ ಭಾಷಣವಿಲ್ಲ. ಧಾಟಿ ಜೋಗುಳಕ್ಕೆ ಹತ್ತಿರದ್ದು. ಕೇಳುವವರು ಮೊದಲು ಯಾವುದೋ ಮಗುವನ್ನು ಮಲಗಿಸುತ್ತಿದ್ದಾರೆ ಎಂದುಕೊಳ್ಳಬೇಕು, ಆಮೇಲೆ ಆ ಮಗುವೇ ತಾಯಿಯೆಂದು ತಿಳಿಯಬೇಕು. ಏಳನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ರಜೆ ಮುಗಿದ ಮೇಲೆ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬೀಳುವುದನ್ನು ಕಂಡ ನನ್ನಂಥವರಿಗೆ ಉನ್ಜಿಲೆ ಯಾವ ದೇಶದವಳು ಎಂದು ಕೇಳಬೇಕೆನಿಸುವುದಿಲ್ಲ.

ವಿರಹದ ಹಾಡಿಗೂ ಉನ್ಜಿಲೆಗೂ ಏನು ಸಂಬಂಧ? ನನ್ನ ಮಟ್ಟಿಗೆ ಸೆಜೆನ್ ಅಕ್ಸುಳ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಹತ್ತು ವರ್ಷ ತನ್ನ ಅಳುವನ್ನು ಹಾಡಿ ಆಕೆ ಕೇಳುಗರ ನಂಬಿಕೆ ಗಳಿಸಿದ್ದಳು. ಆಕೆ ಅತ್ತರೆ ಜನ ಜತೆಗೆ ಅಳುತ್ತಿದ್ದರು. ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ತನ್ನದಲ್ಲದ ಅಳುವನ್ನೂ ಅದೇ ದನಿಯಲ್ಲಿ ಹಾಡಿದಳು. ಕ್ಯಾಸೆಟ್ಟಿನ ಒಂದು ಹಾಡಿನಲ್ಲಿ ಬಿಟ್ಟುಹೋದವನಿಗಾಗಿ ಅತ್ತ ಪಟ್ಟಣದ ಹೆಂಗಸು, ಮುಂದೊಂದು ಹಾಡಿನಲ್ಲಿ ತಾನರಿಯದೆ ಹಳ್ಳಿಯ ಹುಡುಗಿಗಾಗಿ ಅಳುತ್ತಿರುತ್ತಾಳೆ. ಅಳು 'ನಾನು' ಎಂಬಲ್ಲಿಂದ 'ನಾವು' ಎಂಬಲ್ಲಿಗೆ ಸದ್ದಿಲ್ಲದೆ ದಾಟುತ್ತದೆ.

ಮುಂದಿನ ದಾರಿಯೂ ಇದೇ ದಿಕ್ಕಿನದು. 1991ರ 'ಗ್ಯುಲುಮ್ಸೆ' (ಮುಗುಳ್ನಗು ಎಂದರ್ಥ) ಇಪ್ಪತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತೆನ್ನುತ್ತಾರೆ. ಅದರ ಶೀರ್ಷಿಕೆಯ ಹಾಡಿನ ಮಾತು ಕೆಮಾಲ್ ಬುರ್ಕಾಯ್ ಎಂಬ ಕುರ್ದಿ ಕವಿಯದು. ಆತ ರಾಜಕಾರಣಿಯೂ ಹೌದು. ಆಗ ಸ್ವೀಡನ್ನಿನಲ್ಲಿ ದೇಶಭ್ರಷ್ಟನಾಗಿ ಬದುಕುತ್ತಿದ್ದ, ತಾಯ್ನಾಡಿಗೆ ಮರಳಿದ್ದು 2011ರಲ್ಲಿ. ಕುರ್ದಿ ಭಾಷೆಯ ಬಳಕೆಗೆ 1983ರಿಂದ ಇದ್ದ ಕಾನೂನಿನ ತಡೆ ತೆಗೆದದ್ದೇ 1991ರಲ್ಲಿ. ದೇಶ ಹೊರಗಟ್ಟಿದವನ ತುರ್ಕಿ ಕವಿತೆಯನ್ನು ದೇಶದ ಮಕ್ಕಳುಮರಿಗಳ ಬಾಯಲ್ಲಿ ಈಕೆ ಕೂರಿಸಿದಳು. ಅದಕ್ಕೆ ಘೋಷಣೆಯ ಅಗತ್ಯ ಬೀಳಲಿಲ್ಲ, ಒಳ್ಳೆಯ ಧಾಟಿ ಸಾಕಾಯಿತು.

1995ರ 'ಇಶಿಕ್ ದೋವುದಾನ್ ಯುಕ್ಸೆಲಿರ್', ಅಂದರೆ ಬೆಳಕು ಮೂಡಣದಿಂದ ಏಳುತ್ತದೆ, ಎಂಬ ಧ್ವನಿಸುರುಳಿಯಲ್ಲಿ ಪಾಪ್ ಸಂಗೀತದ ಥಳಕನ್ನು ಪಕ್ಕಕ್ಕಿಟ್ಟು ಅನಾತೋಲಿಯಾದ ಜನಪದ, ಅನುಭಾವಿ ಪರಂಪರೆಗಳ ಕಡೆ ತಿರುಗಿದಳು. ಗೆದ್ದ ದಾರಿಯನ್ನು ಬಿಟ್ಟು ಹೊಸದನ್ನು ಹಿಡಿಯಲು ನಲವತ್ತರ ಹೊತ್ತಿನಲ್ಲಿ ಧೈರ್ಯ ಬೇಕು. 1996ರ ಜನವರಿ 14ರಂದು ಓನ್ನೊ ತುಂಚ್ ತಾನೇ ನಡೆಸುತ್ತಿದ್ದ ಪುಟ್ಟ ವಿಮಾನ ಅಪಘಾತಕ್ಕೀಡಾಗಿ ತೀರಿಕೊಂಡ. ಇಷ್ಟು ವರ್ಷ ತನ್ನ ದನಿಯ ಅಕ್ಕಪಕ್ಕ ಗೋಡೆ ಕಟ್ಟಿದವನು ಹೋದ ಮೇಲೆ ಆಕೆ ನಿಂತುಬಿಡಬಹುದಿತ್ತು. 1997ರಲ್ಲಿ ಬಾಲ್ಕನ್ ನಾಡಿನ ಸಂಗೀತಗಾರ ಗೊರಾನ್ ಬ್ರೆಗೊವಿಚ್ ಜತೆ ಸೇರಿ ಹೊಸ ಧ್ವನಿಮುದ್ರಿಕೆ ತಂದಳು. ಅದರ ಹೆಸರೇ 'ಮದುವೆ ಮತ್ತು ಸಾವಿನ ಮೆರವಣಿಗೆ' ಎಂಬ ಅರ್ಥದ್ದು. 2002ರಲ್ಲಿ 'ತುರ್ಕಿಯ ಹಾಡುಗಳು' ಎಂಬ ಕಚೇರಿಗಳಲ್ಲಿ ಕುರ್ದಿ ಮಕ್ಕಳು, ಆರ್ಮೇನಿಯನ್ನರು, ಗ್ರೀಕರು, ಯಹೂದಿಗಳ ಗಾಯನವೃಂದಗಳನ್ನು ಒಂದೇ ವೇದಿಕೆಗೆ ತಂದು ಅವರವರ ಭಾಷೆಯಲ್ಲಿ ಹಾಡಿಸಿದಳು. ಒಂದೇ ದೇಶ, ಒಂದೇ ಭಾಷೆ ಎಂದು ಪಾಠ ಹೇಳಿಸಿಕೊಂಡು ಬೆಳೆದ ನಾಡಿನಲ್ಲಿ ಇದು ಹಲವರಿಗೆ ಒಗ್ಗಲಿಲ್ಲ.

2005ರಲ್ಲಿ ಬಂದದ್ದು 'ಕಾರ್ದೆಲೆನ್'. ಹಿಮವನ್ನು ಸೀಳಿಕೊಂಡು ತಲೆಯೆತ್ತುವ ಒಂದು ಬಿಳಿಯ ಹೂವಿನ ಹೆಸರು ಅದು. ಹಿಂದುಳಿದ ಪ್ರದೇಶಗಳ ಬಡ ಹುಡುಗಿಯರಿಗೆ ಓದಲು ವಿದ್ಯಾರ್ಥಿವೇತನ ಕೊಡುವ ಯೋಜನೆಯೊಂದಕ್ಕೆ ಅದೇ ಹೆಸರಿತ್ತು, ಸೆಜೆನ್‌ಳ ಹಾಡು ಅದರ ಜತೆಗೆ ನಿಂತಿತು. ಉನ್ಜಿಲೆಯ ಋಣ ತೀರಿಸಲು ಹತ್ತೊಂಬತ್ತು ವರ್ಷ ಬೇಕಾಯಿತು ಎಂದು ನನಗೆ ಅನಿಸಿತು. ಮೇಷ್ಟ್ರ ಮಗಳು ಕೊನೆಗೂ ಶಾಲೆಯ ಬಾಗಿಲಿಗೇ ಬಂದಳಲ್ಲ!

ಈಕೆಯ ಮನೆ ಒಂದು ಗುರುಕುಲವೂ ಆಗಿತ್ತು. ಆಶ್ಕಿನ್ ನುರ್ ಯೆಂಗಿ, ಸೆರ್ತಾಬ್ ಎರೆನೆರ್, ಲೆವೆಂತ್ ಯುಕ್ಸೆಲ್ ಮೊದಲಾದವರು ಆಕೆಯ ಹಿಂದೆ ಹಾಡುತ್ತ, ಆಕೆಯ ನೆರಳಿನಲ್ಲಿ ಬೆಳೆದು ಮುಂದೆ ಬಂದರು. 1980ರ ದಶಕದಲ್ಲಿ ಯೂರೋವಿಷನ್ ಗೀತಸ್ಪರ್ಧೆಗೆ ಹೋಗಲು ಸೆಜೆನ್ ದೇಶದೊಳಗಿನ ಆಯ್ಕೆಯಲ್ಲಿ ಮತ್ತೆ ಮತ್ತೆ ಪ್ರಯತ್ನಿಸಿ ಆಯ್ಕೆಯಾಗಿರಲಿಲ್ಲ. 2003ರಲ್ಲಿ ಆ ಸ್ಪರ್ಧೆಯನ್ನು ತುರ್ಕಿಗಾಗಿ ಗೆದ್ದು ತಂದವಳು ಸೆರ್ತಾಬ್. ತಾರ್ಕಾನ್ 1997ರಲ್ಲಿ ಹಾಡಿದ, ನಡುನಡುವೆ ಮುತ್ತಿನ ಸದ್ದು ಬರುವ 'ಶಿಮಾರಿಕ್' ಯುರೋಪನ್ನೆಲ್ಲ ಕುಣಿಸಿತು. ಅದು ಸೆಜೆನ್‌ಳ ರಚನೆ. 2002ರಲ್ಲಿ ಅದೇ ಧಾಟಿಗೆ ಇಂಗ್ಲಿಷ್ ಮಾತು ಸೇರಿಸಿ ಹಾಲಿ ವ್ಯಾಲೆನ್ಸ್ ಹಾಡಿದಾಗ ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೇರಿತು. ವಿದೇಶೀ ಧಾಟಿಗೆ ತುರ್ಕಿ ಮಾತು ಹೊಂದಿಸುತ್ತಿದ್ದ ಕಾಲದಲ್ಲಿ ಕಣ್ಣು ಬಿಟ್ಟವಳ ಧಾಟಿಗೆ ಈಗ ವಿದೇಶದವರು ಮಾತು ಹೊಂದಿಸಿದರು.

ಆದರೆ ಮೆಚ್ಚಿದ್ದನ್ನು ಹೇಳಿ ಮೆಚ್ಚದ್ದನ್ನು ಬಚ್ಚಿಡುವುದು ವಿಮರ್ಶೆಯಲ್ಲ. ಸೆಜೆನ್ ಬರೆದದ್ದು ಅತಿಯಾಯಿತು. ತನಗೂ ಬರೆದು, ಶಿಷ್ಯರಿಗೂ ಬರೆದು, ಊರಿಗೆಲ್ಲ ಬರೆದು, ಒಂದು ಕಾಲಕ್ಕೆ ತುರ್ಕಿ ಪಾಪ್ ಎಂದರೆ ಎಲ್ಲರ ಬಾಯಲ್ಲೂ ಒಬ್ಬಳದೇ ದನಿ ಎಂಬಂತಾಯಿತು. ದೊಡ್ಡ ಆಲದ ಕೆಳಗೆ ಬೇರೆ ಗಿಡ ಏಳುವುದು ಕಷ್ಟ. 1990ರ ದಶಕದ ಕೆಲವು ಹಾಡುಗಳಲ್ಲಿ ಯಂತ್ರದ ತಾಳ ಎಷ್ಟು ಜೋರಾಗಿದೆಯೆಂದರೆ ಮಾತಿನ ಸೂಕ್ಷ್ಮ ಅದರಡಿ ಸಿಕ್ಕಿಕೊಂಡು ನರಳುತ್ತದೆ. ವಿರಹದ ಹಾಡುಗಳನ್ನು ಒಂದರ ಹಿಂದೊಂದು ಕೇಳಿದರೆ ಕೆಲವು ಭಾವಗಳು ಬರೀ ರೂಢಿಯಿಂದ ಬಂದಂತೆ ಕಾಣುತ್ತವೆ. ನುಂಗಿಕೊಂಡ ಅಳುವೂ ಅಭ್ಯಾಸವಾದರೆ ಆಭರಣವಾಗಿಬಿಡುತ್ತದೆ.

ರಾಜಕೀಯದಲ್ಲೂ ಆಕೆ ಎಲ್ಲರನ್ನೂ ಮೆಚ್ಚಿಸಿದವಳಲ್ಲ. ಸೈನಿಕ ಕ್ರಾಂತಿಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ 2010ರ ಸೆಪ್ಟೆಂಬರ್ 12ರಂದು, ಸಂವಿಧಾನದ ತಿದ್ದುಪಡಿಗೆ ಸರ್ಕಾರ ಜನಮತ ಕೇಳಿದಾಗ ಆಕೆ 'ಹೌದು' ಎಂಬ ಪಕ್ಷದಲ್ಲಿದ್ದಳು. ಆ ತಿದ್ದುಪಡಿಯಿಂದ ನ್ಯಾಯಾಲಯಗಳು ಸರ್ಕಾರದ ಕೈಗೆ ಹೋಗುತ್ತವೆಂದು ಹೆದರಿದ್ದ ಅಭಿಮಾನಿಗಳು ಬಹಳ ನೊಂದುಕೊಂಡರು, ಬೈದರು. ಹಾಡಿನಲ್ಲಿ ನಂಬಿದವರನ್ನು ಜನ ಬೇರೆ ವಿಷಯಗಳಲ್ಲೂ ನಂಬಲು ಹೋಗುತ್ತಾರೆ, ಅದು ಸಲ್ಲದ ಭಾರ. ಆದರೂ ಒಂದನ್ನು ಗಮನಿಸಬೇಕು. ಸುಮ್ಮನಿದ್ದರೆ ಆಕೆಗೆ ನಷ್ಟವಿರಲಿಲ್ಲ. ಆಕೆ ಸುಮ್ಮನಿರುವವಳಲ್ಲ.

ಅದು ಇನ್ನೊಮ್ಮೆ ಗೊತ್ತಾದದ್ದು 2022ರ ಜನವರಿಯಲ್ಲಿ. ಬದುಕುವುದೊಂದು ಸೊಗಸಾದ ಸಂಗತಿ ಎಂಬರ್ಥದ ಹೆಸರಿನ ಆಕೆಯ ಹಾಡೊಂದು 2017ರಲ್ಲೇ ಬಂದಿತ್ತು. ಹೊಸ ವರ್ಷದ ಹೊತ್ತಿಗೆ ಅದು ಮತ್ತೆ ಜನರ ಮುಂದೆ ಬಂದಾಗ, ಅದರಲ್ಲಿ ಆದಾಮ ಹವ್ವರನ್ನು ಅರಿವಿಲ್ಲದವರು ಎಂದದ್ದು ಧರ್ಮನಿಂದೆಯಾಯಿತೆಂದು ಕೆಲವರು ಗದ್ದಲವೆಬ್ಬಿಸಿದರು. ದೂರುಗಳು ಬಿದ್ದವು, ಮನೆಯ ಮುಂದೆ ಜನ ಸೇರಿದರು. ಜನವರಿ 21ರ ಶುಕ್ರವಾರ ಇಸ್ತಾಂಬುಲಿನ ಮಸೀದಿಯೊಂದರಲ್ಲಿ ಪ್ರಾರ್ಥನೆಯ ನಂತರ ಅಧ್ಯಕ್ಷ ಎರ್ದೋವಾನ್ ಮಾತನಾಡುತ್ತ, ಆದಾಮನ ವಿಷಯಕ್ಕೆ ಬರುವ ನಾಲಿಗೆಗಳನ್ನು ಹೊತ್ತು ಬಂದಾಗ ಕಿತ್ತುಹಾಕುವುದು ಕರ್ತವ್ಯ ಎಂಬರ್ಥದ ಮಾತನಾಡಿದರು. ಕೆಲವು ದಿನಗಳಾದ ಮೇಲೆ ಅದು ಸೆಜೆನ್‌ಳನ್ನು ಕುರಿತು ಹೇಳಿದ್ದಲ್ಲವೆಂದರು.

ಅಷ್ಟರಲ್ಲಿ ಗುಬ್ಬಿ ಉತ್ತರ ಕೊಟ್ಟಾಗಿತ್ತು. ಮರುದಿನವೇ 'ಆವ್ಜಿ', ಬೇಟೆಗಾರ, ಎಂಬ ಹೆಸರಿನ ಹೊಸ ಗೀತೆಯ ಮಾತುಗಳನ್ನು ಪ್ರಕಟಿಸಿದಳು. ಬೇಟೆಗಾರನ ಎದುರು ನಿಂತ ಬೇಟೆಯ ಮಾತು ಅದು. ಬೈಗುಳವಿಲ್ಲ, ಗೋಗರೆತವೂ ಇಲ್ಲ. ನಲವತ್ತೇಳು ವರ್ಷದಿಂದ ಬರೆಯುತ್ತಿದ್ದೇನೆ, ಮುಂದೆಯೂ ಬರೆಯುತ್ತೇನೆ ಎಂದು ಜತೆಯಲ್ಲಿ ತಿಳಿಸಿದಳು. ಹಾಡುತ್ತೇನೆ ಎನ್ನಲಿಲ್ಲ, ಬರೆಯುತ್ತೇನೆ ಎಂದಳು! ಜೀವಮಾನವೆಲ್ಲ ಕಂಠಕ್ಕಾಗಿ ಹೊಗಳಿಸಿಕೊಂಡವಳು ಕಷ್ಟ ಬಂದ ದಿನ ತನ್ನನ್ನು ಬರಹಗಾರ್ತಿ ಎಂದು ಕರೆದುಕೊಂಡದ್ದನ್ನು ವಿಮರ್ಶಕರು ಗುರುತು ಹಾಕಿಕೊಳ್ಳಬೇಕು. ಯಾರೂ ಕೇಳದೆಯೇ ಜನ ಆ ಗೀತೆಯನ್ನು ಹತ್ತಾರು ಭಾಷೆಗಳಿಗೆ ತಿರುಗಿಸಿದರು.

ತುರ್ಕಿಯಲ್ಲಿ ನಾಲಿಗೆಗೆ 'ದಿಲ್' ಎನ್ನುತ್ತಾರೆ. ಭಾಷೆಗೂ ಅದೇ ಮಾತು. ಹೀಗಾಗಿ ನಾಲಿಗೆ ಕೀಳುತ್ತೇನೆಂದರೆ ಅಲ್ಲಿ ಭಾಷೆಯನ್ನೇ ಕೀಳುತ್ತೇನೆಂದೂ ಕೇಳಿಸುತ್ತದೆ. ನಾವು ಹಾಡುಗಳಲ್ಲಿ ಕೇಳುವ ದಿಲ್ ಪಾರಸಿಯದು, ಅದಕ್ಕೆ ಹೃದಯವೆಂದರ್ಥ, ತುರ್ಕರ ಹಳೆಯ ಕಾವ್ಯದಲ್ಲೂ ಆ ಅರ್ಥವಿತ್ತು. ಎರಡಕ್ಕೂ ನಂಟಿಲ್ಲ, ಒಂದೇ ಸದ್ದು ಅಷ್ಟೆ. ಆದರೆ ಸೆಜೆನ್ ಅಕ್ಸುಳ ಹಾಡು ಕೇಳುವಾಗ ನನ್ನ ಕಿವಿಗೆ ಎರಡೂ ಒಟ್ಟಿಗೆ ಬೀಳುತ್ತವೆ. ನಾಲಿಗೆ ಬಿಗಿಹಿಡಿ ಎಂಬ ಬುದ್ಧಿಮಾತು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮಲ್ಲಿ ಯಾರಿದ್ದಾರೆ? ಹಿಡಿದ ನಾಲಿಗೆಯೊಳಗಿನ ಮಾತು ಅಳುವಾಗಿ ಹೊರಬಂದಾಗ ಲೋಕ ಅದನ್ನು ಸಹಿಸುತ್ತದೆ, ಅತ್ತು ಹಗುರಾಗಲಿ ಬಿಡು ಎನ್ನುತ್ತದೆ. ಆ ರಿಯಾಯಿತಿಯನ್ನು ಬಳಸಿಕೊಂಡೇ ಈಕೆ ಐದು 'ದಶಕಗಳ ಕಾಲ ತನ್ನ ಮಾತನ್ನು ಒಳಗಿನಿಂದ ಹೊರಗೆ ಸಾಗಿಸಿದಳು. ಅಳು ಎಂದು ಬಿಟ್ಟವರಿಗೆ ಅದು ನುಡಿ ಎಂದು ತಿಳಿಯುವಷ್ಟರಲ್ಲಿ ಹಾಡು ಊರೆಲ್ಲರ ಬಾಯಲ್ಲಿತ್ತು. ಒಂದು ನಾಲಿಗೆಯನ್ನಾದರೆ ಕೀಳಬಹುದು.